ಒಂದೇ ಗಂಟಿನ ಚೀಲ

"ಗುರುಗಳೇ, ಕಟ್ಟಳೆಯನ್ನು ಕೂದಲೆಳೆಯಷ್ಟೂ ಮೀರದವನಿಗೆ ದೋಷ ತಟ್ಟುತ್ತದೆಯೇ?" ಎಂದು ಮಹಾಲಿಂಗ ಕೇಳಿದ. ಮಠದ ಬಾಗಿಲಲ್ಲಿ ಬಂದವರಿಗೆ ಸರದಿ ಕೊಡುವ ಶಿಷ್ಯ ಅವನು. ಆಗಲೂ ಜಗಲಿಯಲ್ಲಿ ಒಬ್ಬ ಹೆಂಗಸು ಕಾದು ಕುಳಿತಿದ್ದಳು.

"ತಟ್ಟುವುದಿಲ್ಲ ಎಂಬ ಉತ್ತರವನ್ನೂ ನೀನೇ ತಂದಿರುವ ಹಾಗಿದೆ" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಕೋಟೆಗೆ ಒಂದೇ ಬಾಗಿಲು. ಕಳ್ಳರ ಕಾಟವಿದ್ದುದರಿಂದ ಕಾವಲುಗಾರ ಪ್ರತಿ ಚೀಲವನ್ನೂ ಬಿಚ್ಚಿ ನೋಡಿಯೇ ಒಳಗೆ ಬಿಡಬೇಕು. ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಹಾಗಾಗಿ ಸುತ್ತಲಿನ ಹಳ್ಳಿಯವರು ಚೀಲದ ಬಾಯಿಗೆ ದಾರ ಸುತ್ತಿ ಗಂಟು ಹಾಕುವ ರೂಢಿ ಇಟ್ಟುಕೊಂಡಿದ್ದರು. ತಡವಾಗಬಾರದ ಸಾಮಾನಿಗೆ ಒಂದೇ ಗಂಟು, ಬೇಗ ಬಿಚ್ಚಲೆಂದು. ನಿಧಾನವಾದರೂ ಅಡ್ಡಿಯಿಲ್ಲದ್ದಕ್ಕೆ ನಾಲ್ಕೈದು.

ಹಳೆಯ ಕಾವಲುಗಾರ ತೀರಿಕೊಂಡ. ದೂರದೂರಿನಿಂದ ಹೊಸಬ ಬಂದ. ಯಾರಿಂದಲೂ ಒಂದು ವೀಳ್ಯದೆಲೆಯನ್ನೂ ತೆಗೆದುಕೊಳ್ಳದ ಮನುಷ್ಯ. "ಗಂಟು ನೋಡಿ ಸರದಿ ಕೊಡು" ಎಂದಷ್ಟೇ ಅವನಿಗೆ ಅಪ್ಪಣೆಯಾಗಿತ್ತು. ಇಷ್ಟೊಂದು ಗಂಟು ಬಿಗಿದಿದ್ದಾರೆಂದರೆ ಒಳಗಿನದು ಮುಖ್ಯವಾದದ್ದೇ ಇರಬೇಕು ಎಂದುಕೊಂಡ. ಯಾರನ್ನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಒಬ್ಬ ರೈತ ಬಂದ. ಕೋಟೆಯೊಳಗೆ ಮದುವೆ ಮಾಡಿಕೊಟ್ಟಿದ್ದ ಅವನ ಮಗಳು ಹೆರಿಗೆಯಾಗಿ ಜ್ವರದಲ್ಲಿ ಬಿದ್ದಿದ್ದಳು. ಅವನ ಕೈಯಲ್ಲಿ ವೈದ್ಯರು ಕೊಟ್ಟ ಮದ್ದಿನ ಚೀಲವಿತ್ತು. ಕಾವಲುಗಾರ ಅವನನ್ನು ಬದಿಗೆ ಕೂರಿಸಿದ. ಐದು ಗಂಟಿನ ಹುಣಸೆಹಣ್ಣು ಒಳಗೆ ಹೋಯಿತು. ನಾಲ್ಕು ಗಂಟಿನ ಹತ್ತಿಯೂ ಹೋಯಿತು. ರೈತ ಎದ್ದು ಬಂದ.

"ಸ್ವಾಮಿ, ನನ್ನದು ಒಂದೇ ಗಂಟು."

"ಕಾಣ್ತಿದೆಯಪ್ಪ. ಅದಕ್ಕೇ ಕೂರಿಸಿದ್ದು."

ರೈತನಿಗೆ ಸಮಾಧಾನವಾಯಿತು. ಗಂಟು ನೋಡಿದ್ದಾರೆ, ಇನ್ನೇನು ಕರೆಯುತ್ತಾರೆ ಎಂದು ಪಾಪ, ಸುಮ್ಮನೆ ಹೋಗಿ ಕುಳಿತ. ಚೀಲದಲ್ಲೇನಿದೆ ಎಂದು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವನ ಸರದಿ ಬಂತು. ದಾರ ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಒಳಗಿದ್ದ ಮದ್ದಿನ ಬೇರುಗಳನ್ನು ಕಂಡು ಕಾವಲುಗಾರನ ಮುಖ ಬಾಡಿತು. ರೈತ ಓಡಿದ. ಮಗಳ ಮನೆಯ ಮುಂದೆ ಆಗಲೇ ಬೆಂಕಿ ಹಾಕಿದ್ದರು. ಯಾರೋ ಎಳೆಗೂಸನ್ನು ತಂದು ಅವನ ತೋಳಿಗೆ ಕೊಟ್ಟರು. ಮದ್ದಿನ ಚೀಲವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಹಾಲಿಂಗನಿಗೆ ಸಂಕಟವಾಯಿತು. ಆದರೂ ಕೇಳಿದ: "ಕಾವಲುಗಾರ ಅಪ್ಪಣೆಯಂತೆಯೇ ನಡೆದನಲ್ಲ, ಗುರುಗಳೇ?"

ಗುರುಗಳು ಹೊರಗೆ ನೋಡಿದರು.

"ಬೆಳಗಿನಿಂದ ನೀನು ಜಗಲಿಯಲ್ಲಿ ಕೂರಿಸಿರುವ ಆ ತಾಯಿ ಯಾತಕ್ಕೆ ಬಂದಿದ್ದಾಳಪ್ಪ?"