ಗೌಡರಿಗೊಂದು ಎಡೆ

ಪಟೇಲ ಕರಿಯಣ್ಣಗೌಡರು ಮೆಟ್ಟಿಲು ಹತ್ತಿದರೆ ಅರ್ಧದಲ್ಲೇ ಕೂತುಬಿಡುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಊಟವೊಂದೇ ಜೊತೆ. ಮೈ ಇಳಿಸದಿದ್ದರೆ ಎದೆ ನಿಂತುಹೋಗುತ್ತದೆ ಅಂದರು ಡಾಕ್ಟರು. ಹಿತ್ತಲ ತರಕಾರಿಯನ್ನೇ ಬೇಯಿಸಿ ಹಾಕು ಅಂದಳು ಮಗಳು, ಅಡುಗೆಯವಳಿಗೆ.

"ಆ ಸೊಪ್ಪುಸದೆ ಇನ್ನೊಂದು ಸಲ ಬಡಿಸಿದರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ," ಅಂದರು ಗೌಡರು.

ಅಡುಗೆಯವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಹಾಲಯ ಅಮಾವಾಸ್ಯೆ ಬಂತು. ಸತ್ತವರಿಗೆ ಅವರವರು ಇಷ್ಟಪಟ್ಟಿದ್ದನ್ನೇ ಮಾಡಿ ಎಡೆ ಇಡುವ ದಿನ. ಗೌಡತಿಯ ಪಟದ ಮುಂದಿನ ಎಲೆಯಲ್ಲಿ ಮುದ್ದೆ, ಸೊಪ್ಪಿನ ಸಾರು, ಅವಳೇ ಹಿತ್ತಲಲ್ಲಿ ಹಬ್ಬಿಸಿದ್ದ ಹೀರೇಕಾಯಿಯ ಪಲ್ಯ. ಪಕ್ಕದಲ್ಲೇ ಇನ್ನೊಂದು ಎಲೆ. ಅದರ ತುಂಬ ತುಪ್ಪದ ಒಬ್ಬಟ್ಟು, ಕಜ್ಜಾಯ, ಬಾಡಿನ ಸಾರು.

ಗೌಡರ ಕಣ್ಣು ಅಲ್ಲೇ ನೆಟ್ಟಿತು. "ಬೋಟಿ ಗೊಜ್ಜು ಎಲ್ಲಿ?"

"ಮರೆತೆ ಗೌಡ್ರೆ. ಮುಂದಿನ ವರ್ಷ ಮರೆಯಲ್ಲ."

"ಯಾರದು ಈ ಎಡೆ?"

"ನಿಮ್ಮದೇ. ಹೇಗೂ ಇಡೋಳು ನಾನೇ ತಾನೆ? ಆಗ ಕೇಳೋಣ ಅಂದ್ರೆ ನೀವಿರಲ್ಲ. ಇನ್ನೇನಾದ್ರೂ ಬಿಟ್ಟಿದ್ರೆ ಈಗ್ಲೇ ಹೇಳ್ಬಿಡಿ."

ಗೌಡರು ಕೈ ಎತ್ತಿದರು, ಹೊಡೆಯಲಿಲ್ಲ. ಹೆಂಡತಿಯ ಪಟದ ಪಕ್ಕ ಗೋಡೆಯಲ್ಲಿ ಇನ್ನೊಂದು ಪಟಕ್ಕಾಗುವಷ್ಟು ಜಾಗ ಖಾಲಿ ಇತ್ತು. ಅದನ್ನು ನೋಡಿ ಕೆಳಗೆ ಕೂತರು. ಆಮೇಲೆ ಹೆಂಡತಿಯ ಎಲೆಯನ್ನು ತಮ್ಮತ್ತ ಎಳೆದುಕೊಂಡರು. ಒಂದು ತುತ್ತು ನುಂಗಿ ಮುಖ ಹಿಂಡಿದರು.

"ಥೂ, ರುಚಿಯೇ ಇಲ್ಲ."

"ಹಾಗನ್ನೋಕೆ ನಾಲಿಗೆ ಇನ್ನೂ ಇದೆಯಲ್ಲ, ಉಣ್ಣಿ," ಅಂದಳು ಅವಳು.