ಕೋಟೆ ದಿಡ್ಡಿಯ ತೊಲೆ

ಫೆಬ್ರವರಿ ಹನ್ನೆರಡು, ಮಂಗಳವಾರ. ಒಣ ಬಿಸಿಲು, ಗಾಳಿ ಇರಲಿಲ್ಲ.

ಶಿಷ್ಯನು ಕೇಳಿದ: “ಗುರುಗಳೇ, ಗುಣವೆಲ್ಲ ವಂಶವಾಹಿಯಲ್ಲೇ ಬರುತ್ತದೆ ಎನ್ನುತ್ತಾರೆ. ತಂದೆತಾಯಿಯಲ್ಲಿ ಇದ್ದದ್ದು ಮಕ್ಕಳಿಗೆ. ಹಾಗಿರುವಾಗ ಒಂದು ಕುಲವೇ ಕುಗ್ಗಿಹೋದರೆ ತಪ್ಪು ಯಾರದು?”

ಈ ಪ್ರಶ್ನೆ ಎಲ್ಲಿಂದ ಬಂತೆಂದು ಗುರುಗಳು ವಿಚಾರಿಸಿದರು. ಶಿಷ್ಯ ಹಿಂದಿನ ದಿನ ತಾಲೂಕಿನ ಒಂದು ಸಭೆಗೆ ಹೋಗಿದ್ದ. ಅಲ್ಲಿ ಮಠಕ್ಕೆ ಬೇಕಾದ ಯಜಮಾನರೊಬ್ಬರು ಭಾಷಣ ಮಾಡಿದ್ದರು. ಕೆಳಗಿನ ಹಟ್ಟಿಗಳ ಜನ ಹುಟ್ಟಿನಿಂದಲೇ ಅಂಜುಬುರುಕರು, ಕತ್ತೆತ್ತಿ ಮಾತಾಡುವವನು ಅವರಲ್ಲಿ ಒಬ್ಬನೂ ಇಲ್ಲ, ಅವರ ರಕ್ತವೇ ತೆಳುವಾಗಿದೆ, ಇದಕ್ಕೆ ಯಾರಿಂದಲೂ ಏನೂ ಮಾಡಲಾಗದು ಎಂದಿದ್ದರು. ಸಭೆ ಚಪ್ಪಾಳೆ ತಟ್ಟಿತ್ತು. ಶಿಷ್ಯನೂ ತಟ್ಟಿದ್ದ.

“ಆ ಹಟ್ಟಿಗಳು ಹಿಂದೆ ಯಾರ ಅಧೀನದಲ್ಲಿದ್ದವು?” ಎಂದು ಗುರುಗಳು ಕೇಳಿದರು.

“ಆ ಯಜಮಾನರ ಮನೆತನದ್ದೇ ಆಡಳಿತವಿತ್ತಂತೆ.”

ಸಿಟ್ಟು ಬಂದಾಗ ಗುರುಗಳ ದನಿ ಏರುವುದಿಲ್ಲ, ಇಳಿಯುತ್ತದೆ. ಇಳಿದ ದನಿಯಲ್ಲೇ, “ಕೂತುಕೋ,” ಎಂದು ಈ ಕತೆಯನ್ನು ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ಪಾಳೆಗಾರನಿದ್ದ. ಅವನ ಬಯಲಿನಲ್ಲಿ ಕುರುಬರು ಕುರಿ ಮೇಯಿಸುತ್ತಿದ್ದರು. ಆ ಬಯಲಿನ ಕುರಿಗಳು ಎತ್ತರಕ್ಕೆ ಹೆಸರಾಗಿದ್ದವು. ಮೇವಿನ ತೆರಿಗೆಯಾಗಿ ಪ್ರತಿ ಹಿಂಡಿನಿಂದಲೂ ಅರಮನೆಗೆ ಟಗರು ಸಲ್ಲಬೇಕಾಗಿತ್ತು. ಯಾವ ಟಗರು, ಎಷ್ಟು ಟಗರು ಎಂದು ವರ್ಷವರ್ಷವೂ ಜಗಳ. ಜಗಳ ಬೇಡವೆಂದು ಪಾಳೆಗಾರ ಒಂದು ಕ್ರಮ ಮಾಡಿದ. ಕೋಟೆಯ ಹಿಂಬದಿಯ ಸಣ್ಣ ದಿಡ್ಡಿ ಬಾಗಿಲಿಗೆ ಅಡ್ಡಲಾಗಿ ಒಂದು ತೊಲೆ ಹಾಕಿಸಿದ. ದೀಪಾವಳಿ ಕಳೆದ ಮೇಲೆ ಎಲ್ಲ ಹಿಂಡುಗಳೂ ಆ ದಿಡ್ಡಿಯೊಳಗಿಂದ ಹಾದುಹೋಗಬೇಕು. ಬೆನ್ನು ತೊಲೆಗೆ ತಾಗಿದ ಟಗರು ಅರಮನೆಯದು. ತಾಗದೆ ನುಸುಳಿದ್ದು ಕುರುಬನದು. ಹೆಣ್ಣುಕುರಿಗಳಿಗೆ ಅಳತೆಯಿಲ್ಲ.

ಆಗ ಇದನ್ನು ಯಾರೂ ಅನ್ಯಾಯವೆನ್ನಲಿಲ್ಲ. ಮರಕ್ಕೆ ಪಕ್ಷಪಾತವಿಲ್ಲ ಎಂದು ಕುರುಬರೇ ಹೊಗಳಿದರು. ಹೆಚ್ಚು ಟಗರು ತಾಗಿಸಿದವನಿಗೆ ಪಾಳೆಗಾರ ಕೆಂಪು ಮುಂಡಾಸು ಸುತ್ತಿಸುತ್ತಿದ್ದ. ಮುಂಡಾಸು ಸುತ್ತಿಕೊಂಡವನು ವರ್ಷಪೂರ್ತಿ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ. ಅಂಥವರ ಮನೆಯಿಂದ ಹೆಣ್ಣು ತರಲು ಪೈಪೋಟಿಯಿತ್ತು.

ಅರಮನೆಗೆ ಹೋದ ಟಗರುಗಳ ಬೀಜ ಒಡೆದು ಕೊಬ್ಬಿಸುತ್ತಿದ್ದರು. ಹಾಗೆ ಮಾಡಿದರೆ ಮಾಂಸ ಮೆತ್ತಗೆ. ಒಂದೂ ಹಿಂಡಿಗೆ ಮರಳಲಿಲ್ಲ. ಎತ್ತರದ ಟಗರು ಮೊದಲ ವರ್ಷವೇ ತೊಲೆಗೆ ತಾಗುತ್ತಿತ್ತು. ಹೆಣ್ಣುಕುರಿಗಳ ಜೊತೆ ಬಿಡುವ ಮೊದಲೇ ಹೋಗುತ್ತಿತ್ತು. ಹಿಂಡಿಗೆ ಅಪ್ಪನಾದದ್ದು ತೊಲೆಯ ಕೆಳಗೆ ನುಸುಳಿ ಬಂದದ್ದು ಮಾತ್ರ.

ಪಾಳೆಗಾರ ಸತ್ತ. ಅವನ ಮಗ ಆಳಿದ. ಮಗನ ಮಗನೂ ಪಟ್ಟಕ್ಕೆ ಬಂದ. ತೊಲೆ ಇದ್ದಲ್ಲೇ ಇತ್ತು. ಕುರಿಗಳ ಎತ್ತರ ಅದಕ್ಕಿಂತ ಕೆಳಗೆ ಇಳಿಯುತ್ತ ಹೋಯಿತು. ಇಳಿಯುವುದು ಯಾರ ಕಣ್ಣಿಗೂ ಬೀಳಲಿಲ್ಲ. ಮನುಷ್ಯ ಈ ವರ್ಷದ ಕುರಿಯನ್ನು ಹೋದ ವರ್ಷದ ಕುರಿಯ ಪಕ್ಕದಲ್ಲಿಟ್ಟು ನೋಡುತ್ತಾನೆ. ಅಜ್ಜನ ಕಾಲದ ಕುರಿ ಅವನ ಮುಂದೆ ನಿಂತಿರುವುದಿಲ್ಲ. ಒಂದು ವರ್ಷ ಒಂದು ಇಡೀ ಹಿಂಡು ತೊಲೆಗೆ ತಾಗದೆ ದಾಟಿತು. ಆ ಹಿಂಡಿನವರು ದೇವರ ದಯೆಯೆಂದುಕೊಂಡು ಹಟ್ಟಿಗೆಲ್ಲ ಊಟ ಹಾಕಿಸಿದರು. ಮುಂದೆ ಬೇರೆ ಹಿಂಡುಗಳೂ ಹಾಗೆಯೇ ದಾಟತೊಡಗಿದವು. “ತೊಲೆಗೆ ಬೇರು ಬಿಟ್ಟೈತೆ ಕಣ್ರೋ, ಮೇಲಕ್ಕೆ ಬೆಳೀತಾ ಐತೆ,” ಎಂದು ಹುಡುಗರು ನಗಾಡುತ್ತಿದ್ದರು. ಹಿರಿಯರೂ ನಕ್ಕರು. ಟಗರು ಉಳಿಯಿತಲ್ಲ ಎಂಬ ಸಂತೋಷದಲ್ಲಿ ಯಾರೂ ಟಗರನ್ನು ನೋಡಲಿಲ್ಲ.

ಅರಮನೆಯ ದೊಡ್ಡಿ ಖಾಲಿಯಾಯಿತು. ಪಾಳೆಗಾರ ತನ್ನ ಪಾರುಪತ್ತೆಗಾರನನ್ನು ಕರೆಸಿ ಕಾರಣ ಕೇಳಿದ. ದೊಡ್ಡಿಯನ್ನು ನೋಡಿಕೊಳ್ಳುವ ಅಧಿಕಾರಿ ಅವನೇ. ಕಾರಣ ತಾನು ಹೇಳದಿದ್ದರೆ ಅದು ತನ್ನ ತಲೆಗೇ ಬರುತ್ತದೆಂದು ಅವನಿಗೆ ಗೊತ್ತಿತ್ತು. ಕುರುಬರು ಕಳ್ಳರು, ಎತ್ತರದ ಟಗರುಗಳನ್ನು ಗುಡ್ಡದ ಹಿಂದೆ ಬಚ್ಚಿಟ್ಟು ಕುಳ್ಳಗಿನವನ್ನು ಮಾತ್ರ ದಿಡ್ಡಿಗೆ ಹೊಡೆಯುತ್ತಾರೆ ಎಂದ. ಪಾಳೆಗಾರ ತೊಲೆಯನ್ನು ನಾಲ್ಕು ಬೆರಳು ಇಳಿಸಿದ. ಆ ವರ್ಷ ಬೇಕಾದಷ್ಟು ಟಗರು ತಾಗಿದವು. ಅವನು ಪಾರುಪತ್ತೆಗಾರನ ಕಡೆ ತಿರುಗಿ, ನೀನು ಹೇಳಿದ್ದು ನಿಜ, ಎತ್ತರದ ಟಗರು ಇದ್ದವು ಎಂದ. ಕೆಲವು ವರ್ಷಕ್ಕೆ ಮತ್ತೆ ದೊಡ್ಡಿ ಖಾಲಿಯಾಯಿತು. ಮತ್ತೆ ತೊಲೆ ಇಳಿಸಿದರು.

ಇಲ್ಲಿ ಶಿಷ್ಯ ತಡೆಯಲಾರದೆ, ತೊಲೆಯನ್ನು ಇಳಿಸಿದರೆ ಕುರಿಯೂ ಇಳಿಯುತ್ತದೆಂದು ಅವರಿಗೆ ಕಾಣಲಿಲ್ಲವೇ ಎಂದು ಕೇಳಿದ.

“ಊಟದ ತಟ್ಟೆಯ ಮುಂದೆ ಕೂತವನಿಗೆ ತಟ್ಟೆ ಮಾತ್ರ ಕಾಣುತ್ತದೆ,” ಎಂದು ಗುರುಗಳು ಮುಂದುವರಿಸಿದರು.

ಆ ಬಯಲಿನಲ್ಲಿ ಒಬ್ಬ ಕುರುಬನಿದ್ದ. ಅವನ ಹಿಂಡಿನಲ್ಲಿ ಒಂದು ಮುದಿ ಕುರಿಯಿತ್ತು. ಅದು ಒಂದು ಗಂಡುಮರಿ ಹಾಕಿತು. ಮರಿ ಬೇರೆ ಮರಿಗಳಂತೆ ಬೆಳೆಯಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಹಿಂಡಿನ ಎಲ್ಲ ಟಗರುಗಳಿಗಿಂತ ಎತ್ತರವಾಗಿತ್ತು. ಅದರ ಅಪ್ಪ ಕುಳ್ಳ. ಹಿಂಡಿನಲ್ಲಿ ಎತ್ತರದ ಟಗರೇ ಇರಲಿಲ್ಲ. ಕುರುಬ ಬಹಳ ದಿನ ಅದನ್ನು ನೋಡುತ್ತ ಕೂತ. ಇದೇ ಕುರಿ ಹಿಂದೆಯೂ ಒಂದು ಎತ್ತರದ ಮರಿ ಹಾಕಿತ್ತೆಂದು, ಅದು ತೊಲೆಗೆ ತಾಗಿ ಹೋಯಿತೆಂದು ಅವನಿಗೆ ನೆನಪಾಯಿತು. ಅದು ಹೋದಾಗ ಅವನು ಮುಂಡಾಸಿನ ಆಸೆಯಲ್ಲಿ ಕುಣಿದಿದ್ದ.

ಆಗ ಅವನಿಗೆ ವಿಷಯ ತಿಳಿಯಿತು. ತೊಲೆ ಗಂಡನ್ನು ಮಾತ್ರ ಅಳೆದಿತ್ತು. ಹೆಣ್ಣನ್ನು ಯಾರೂ ಅಳೆದಿರಲಿಲ್ಲ. ಅಜ್ಜನ ಕಾಲದ ಎತ್ತರ ಕೆಲವು ಹೆಣ್ಣುಕುರಿಗಳ ಹೊಟ್ಟೆಯಲ್ಲಿ ಉಳಿದುಕೊಂಡು ಬಂದಿತ್ತು. ಆದರೆ ಅಂಥ ಕುರಿಗಳೂ ತೀರುತ್ತಿದ್ದವು. ಅವನ ಹಿಂಡಿನಲ್ಲಿ ಇನ್ನು ಇದೊಂದೇ. ಅಕ್ಕಪಕ್ಕದ ಹಿಂಡುಗಳಲ್ಲಿ ವಿಚಾರಿಸಿದ. ಅಲ್ಲಿ ಒಂದೂ ಇರಲಿಲ್ಲ.

ಈ ಟಗರು ಬೀಜ ಒಡೆಸಿಕೊಳ್ಳದೆ ಎರಡು ಮೂರು ವರ್ಷ ಬಯಲಿನಲ್ಲಿ ಉಳಿದರೆ ಎಲ್ಲ ಹಿಂಡುಗಳಿಗೂ ಎತ್ತರ ಮರಳಬಹುದು. ಹೋದರೆ ಮುಗಿಯಿತು. ದೀಪಾವಳಿ ಹತ್ತಿರ ಬರುತ್ತಿತ್ತು.

ಹಟ್ಟಿಯವರು ಸೇರಿ ಉಪಾಯ ಹೇಳಿದರು. ದಿಡ್ಡಿಯ ನೆಲಕ್ಕೆ ಉಪ್ಪು ಚೆಲ್ಲು, ನೆಕ್ಕಲು ಮೊಣಕಾಲೂರುತ್ತದೆ, ಬೆನ್ನು ತಾಗುವುದಿಲ್ಲ ಎಂದು ಒಬ್ಬ ಹೇಳಿದ. ಬೇರೆಯವರು ಆ ಉಪಾಯವನ್ನು ಆಗಲೇ ಮಾಡುತ್ತಿದ್ದರು. ಹೆಂಡತಿಯ ಮಾತು ಬೇರೆ. ಹಳ್ಳದ ಮರೆಯಲ್ಲಿ ಕಟ್ಟಿಹಾಕು, ಹಿಂಡು ದಾಟಿದ ಮೇಲೆ ಬಿಚ್ಚಿಕೊಂಡು ಬಾ ಎಂದಳು. ಕುರುಬ ಒಪ್ಪಲಿಲ್ಲ.

“ಬಚ್ಚಿಟ್ರೆ ಅವರು ಹೇಳಿದ್ದೇ ನಿಜ ಆಗ್ತೈತೆ,” ಎಂದ. “ನಾನು ಕೇಳೇ ತರ್ತೀನಿ.”

“ಕೇಳಿದ್ದಕ್ಕೆ ಕೊಟ್ಟೋರ್ನ ಎಲ್ಲಿ ಕಂಡಿದ್ದೀಯ ನೀನು?” ಎಂದು ಹೆಂಡತಿ ಒಳಗೆ ಹೋದಳು.

ಕುರುಬ ಟಗರನ್ನು ಮುಂದೆ ಮಾಡಿಕೊಂಡು ದಿಡ್ಡಿಗೆ ಹೋದ. ಅಂದು ಪಾಳೆಗಾರನೇ ಬಂದು ಕೂತಿದ್ದ. ಅರಮನೆಯಲ್ಲಿ ಹಬ್ಬವಿತ್ತು, ನೆಂಟರಿದ್ದರು. ಟಗರು ತೊಲೆಗೆ ಬೆನ್ನು ತಾಗಿಸಿ ನಿಂತುಬಿಟ್ಟಿತು. ಮುಂದಕ್ಕೂ ಹೋಗಲಾರದು, ಹಿಂದಕ್ಕೂ ಬರಲಾರದು. ಕೂತವರೆಲ್ಲ ಎದ್ದು ನೋಡಿದರು. ಪಾರುಪತ್ತೆಗಾರನಿಗೆ ಹಿಡಿಸಲಾರದಷ್ಟು ಸಂತೋಷ. ಬಚ್ಚಿಟ್ಟದ್ದು ಅಂತೂ ಹೊರಗೆ ಬಂತು ಎಂದ.

ಕುರುಬ ಮುಂಡಾಸು ಬಿಚ್ಚಿ ನೆಲದ ಮೇಲಿಟ್ಟ. ಈ ಟಗರನ್ನು ಮೂರು ವರ್ಷ ಬಯಲಿಗೆ ಬಿಟ್ಟುಕೊಡಬೇಕು, ಎಲ್ಲ ಹಿಂಡುಗಳಲ್ಲೂ ತಿರುಗಿಸುತ್ತೇವೆ, ಆಮೇಲೆ ಇದನ್ನೂ ಇದರ ಮರಿಗಳಲ್ಲಿ ಅರ್ಧವನ್ನೂ ತಂದು ಒಪ್ಪಿಸುತ್ತೇವೆ ಎಂದು ಬೇಡಿಕೊಂಡ. ಪಾಳೆಗಾರ ಅವನನ್ನು ತಡೆದು, ಮೂರು ತಲೆಮಾರು ನಮ್ಮ ಹುಲ್ಲು ಮೇಯಿಸಿ ನಮ್ಮ ಕುರಿಯ ತಳಿಯನ್ನೇ ಕೆಡಿಸಿದಿರಿ, ನಿಮ್ಮ ಕೈಯೇ ಅಂಥದ್ದು ಎಂದ.

ಕುರುಬ ಅಷ್ಟು ಹೊತ್ತೂ ತಗ್ಗಿ ಮಾತಾಡಿದ್ದ. ಈಗ ನೆಟ್ಟಗೆ ನಿಂತ.

“ಎತ್ತರದ್ದನ್ನ ನೀವು ಒಯ್ದ್ರಿ, ಒಡೆಯಾ. ಕುಳ್ಳಂದನ್ನ ನಮಗೆ ಬಿಟ್ರಿ. ಕುಳ್ಳಂದು ಕುಳ್ಳಂದನ್ನೇ ಹುಟ್ಟಿಸ್ತು. ನಿಮ್ಮಜ್ಜ ಒಯ್ದದ್ದರಲ್ಲಿ ಒಂದನ್ನ ಹಿಂಡಿಗೆ ಬಿಟ್ಟಿದ್ರೆ ಈ ಮಾತು ಬರ್ತಿರ್ಲಿಲ್ಲ. ನಾವು ಕೆಡಿಸ್ಲಿಲ್ಲ. ಈ ತೊಲೆ ಕೆಡಿಸ್ತು.”

ಪಾರುಪತ್ತೆಗಾರ ನೆಂಟರ ಕಡೆ ತಿರುಗಿದ. “ಕೇಳಿದಿರಾ? ತೊಲೆ ಮರಿ ಹಾಕ್ತಂತೆ. ಬಾಣಂತನಕ್ಕೆ ಯಾರನ್ನಾದ್ರೂ ಕಳಿಸ್ಬೇಕೇನಪ್ಪಾ?”

ನೆಂಟರು ನಕ್ಕರು. ಪಾಳೆಗಾರನೂ ನಕ್ಕ. ನಗು ನಿಂತ ಮೇಲೆ ಕುರುಬ ಇನ್ನೊಂದು ಮಾತು ಹೇಳಿದ. ಆ ಮಾತನ್ನು ಅವನು ಹೇಳಬಾರದಿತ್ತು. ಆದರೆ ನಿಜ ಹೇಳಿದರೆ ನಂಬುತ್ತಾರೆಂದು ಅವನು ಇನ್ನೂ ನಂಬಿದ್ದ. ಎತ್ತರ ಪೂರ್ತಿ ಹೋಗಿಲ್ಲ, ಇದರ ತಾಯಿಯಲ್ಲಿ ಇದೆ, ಹಿಂದೆಯೂ ಇಂಥದೊಂದನ್ನು ಅದು ಹಾಕಿತ್ತು, ಬೇಕಾದರೆ ಬಂದು ನೋಡಿ ಎಂದ. ಆ ಕುರಿ ಎಲ್ಲಿದೆ ಎಂದು ಪಾರುಪತ್ತೆಗಾರ ಕೇಳಿದ. ಕುರುಬ ಹೇಳಿದ.

ಪಾಳೆಗಾರ ತೀರ್ಪು ಕೊಟ್ಟ. ಎತ್ತರದ ಟಗರು ಒಂದು ಸಿಕ್ಕಿದೆ. ಆದ್ದರಿಂದ ಎತ್ತರದ ಟಗರುಗಳು ಇವೆ. ಇದ್ದೂ ದಿಡ್ಡಿಗೆ ಬಾರದ್ದರಿಂದ ಕುರುಬರು ಅವನ್ನು ಬಚ್ಚಿಟ್ಟಿದ್ದಾರೆ. ಟಗರು ಅರಮನೆಗೆ ಸೇರಬೇಕು, ಕುರುಬ ದಂಡ ತೆರಬೇಕು. ದಂಡ ಏನೆಂಬುದನ್ನು ಪಾರುಪತ್ತೆಗಾರ ಹಬ್ಬ ಮುಗಿಯುವುದರೊಳಗೆ ಗೊತ್ತುಮಾಡಲಿ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನ ಮುಖ ಕೆಂಪಾಗಿತ್ತು. ತಂದು ತೋರಿಸಿದವನನ್ನೇ ಬಚ್ಚಿಟ್ಟವನೆಂದರಲ್ಲ, ಇದು ಯಾವ ನ್ಯಾಯ ಎಂದ. ಶಿಷ್ಯ ಸ್ವಲ್ಪ ಸಮಾಧಾನ ಮಾಡಿಕೊಂಡು, ಆದರೂ ಅವು ಕುರಿಗಳು, ನಾನು ಕೇಳಿದ್ದು ಮನುಷ್ಯರ ಮಾತು, ಮನುಷ್ಯರನ್ನು ಕುರಿಗಳಿಗೆ ಹೋಲಿಸಬಹುದೇ ಎಂದು ಕೇಳಿದ.

“ಹೋಲಿಸಬಾರದು,” ಎಂದರು ಗುರುಗಳು. “ಆ ಹಟ್ಟಿಗಳಲ್ಲಿ ಕತ್ತೆತ್ತಿದವರನ್ನೆಲ್ಲ ಆರಿಸಿ ಆರಿಸಿ ಊರು ಬಿಡಿಸಿದ ಯಜಮಾನರ ಮನೆತನದವರಿಗೆ ಅದು ಆಗಲೇ ಹೊಳೆಯಬೇಕಿತ್ತು. ಈಗ ಉಳಿದವರನ್ನು ನೋಡಿ ರಕ್ತದ ಮಾತಾಡುತ್ತಾರೆ. ಅದು ರಕ್ತವಲ್ಲ. ಭಯ. ಕುರಿಯ ಎತ್ತರ ಬಸಿರಿನಲ್ಲಿ ಬರುತ್ತದೆ; ಭಯ ಬಸಿರಿನಲ್ಲಿ ಬರುವುದಿಲ್ಲ, ಅದನ್ನು ಪ್ರತಿ ಮಗುವಿಗೂ ಹೊಸದಾಗಿ ಕಲಿಸಬೇಕು. ಅವರು ಬಿಡದೆ ಕಲಿಸಿದ್ದಾರೆ. ನೀನು ಅದಕ್ಕೆ ಚಪ್ಪಾಳೆ ತಟ್ಟಿ ಬಂದಿದ್ದೀಯೆ.”

ಶಿಷ್ಯ ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡ. ಆ ಕುರುಬ ಕೊನೆಗೆ ತೆತ್ತ ದಂಡವೇನು ಎಂದು ಮೆಲ್ಲಗೆ ಕೇಳಿದ.

“ಟಗರನ್ನು ಹಬ್ಬದ ಅಡುಗೆಗೆ ಕೊಯ್ದರು. ನೆಂಟರಿಗೆ ಮಾಂಸ ಸಾಲಲಿಲ್ಲವೆಂದು, ದಂಡದ ಲೆಕ್ಕಕ್ಕೆ ಅದರ ತಾಯಿಯನ್ನೂ ತರಿಸಿ ಕೊಯ್ದರು.”