ಶೋರೂಮಿನಲ್ಲಿ ಕಾರನ್ನು ಹೊಗಳಿದ ನರ್ಸಮ್ಮ

ದಾವಣಗೆರೆಯಲ್ಲಿ ಗಂಗಾಂಬಿಕೆ ಎಂಬ ನರ್ಸಮ್ಮ ಇದ್ದರು. ಅವರು ಆಸೆಪಟ್ಟು ಕೊಂಡ ಹೊಸ ಕಾರು ವರ್ಷ ತುಂಬುವ ಮೊದಲೇ ಹಟಕ್ಕೆ ಬಿತ್ತು. ಹಾರ್ನ್ ತಾನಾಗಿ ಕೂಗುತ್ತಿತ್ತು, ಸುಡುಬಿಸಿಲಲ್ಲಿ ವೈಪರ್ ಆಡುತ್ತಿತ್ತು, ನಡುರಸ್ತೆಯಲ್ಲಿ ಎಂಜಿನ್ ನಿಂತುಬಿಡುತ್ತಿತ್ತು. ಎಷ್ಟು ಸಲ ರಿಪೇರಿಗೆ ಬಿಟ್ಟರೂ ಮತ್ತೆ ಅದೇ ರಾಗ.

ಈ ಸಲ ಶೋರೂಮಿನ ಮ್ಯಾನೇಜರ್ ಟೈ ಸರಿಮಾಡಿಕೊಳ್ಳುತ್ತಾ, "ಕಂಪ್ಯೂಟರಿನಲ್ಲಿ ಯಾವ ದೋಷವೂ ಕಾಣ್ತಿಲ್ಲ ಮೇಡಂ. ನಿಮಗೆ ಓಡಿಸೋಕೆ ಬರಲ್ಲ ಅಷ್ಟೇ. ಇನ್ನೊಂದು ಸಲ ತಂದರೆ ನಾವು ಮುಟ್ಟಲ್ಲ" ಎಂದ.

ಹೆದ್ದಾರಿಯಲ್ಲಿ ಲಾರಿಗಳ ನಡುವೆ ಕಾರು ನಿಂತುಬಿಟ್ಟದ್ದು ಗಂಗಾಂಬಿಕೆಗೆ ನೆನಪಾಯಿತು. ಆದರೂ ಅವರು ಜಗಳಕ್ಕೆ ನಿಲ್ಲಲಿಲ್ಲ. ಪಕ್ಕದಲ್ಲೇ ಗಂಡಹೆಂಡತಿ ಇಬ್ಬರು ಅದೇ ಬಗೆಯ ಕಾರು ನೋಡುತ್ತಿದ್ದರು. ಗಂಗಾಂಬಿಕೆ ನಗುನಗುತ್ತಾ ಅವರ ಹತ್ತಿರ ಹೋದರು.

"ನನ್ನದೂ ಇದೇ ಕಾರು ಕಣ್ರೀ, ಬಹಳ ಅನುಕೂಲ! ಹಾರ್ನ್ ನಾವು ಒತ್ತಬೇಕಿಲ್ಲ, ತಾನೇ ಕೂಗುತ್ತೆ. ವೈಪರ್ ಮಳೆಗೆ ಕಾಯೋದೇ ಇಲ್ಲ. ಆಗಾಗ ನಡುರಸ್ತೇಲಿ ನಿಂತು ನಮಗೂ ಸುಧಾರಿಸಿಕೊಳ್ಳೋಕೆ ಬಿಡುತ್ತೆ. ಇದ್ಯಾವುದೂ ದೋಷವಲ್ಲ ಅಂತ ಮ್ಯಾನೇಜರ್ ಸಾಹೇಬರೇ ಈಗ ಹೇಳಿದರು."

ಗಂಡ ಗಾಬರಿಯಾಗಿ ಮ್ಯಾನೇಜರನ ಕಡೆ ತಿರುಗಿದ. "ಎಲ್ಲಾ ಕಾರಲ್ಲೂ ಹೀಗೇನಾ?"

"ಇಲ್ಲ ಸಾರ್!" ಮ್ಯಾನೇಜರ್ ಬೆವರೊರೆಸಿಕೊಂಡ. "ಅವರ ಕಾರಲ್ಲಿ ಮಾತ್ರ ವೈರಿಂಗ್ ಕೆಟ್ಟಿದೆ!"

"ಅಬ್ಬಾ, ಕಂಪ್ಯೂಟರಿಗೆ ಕಾಣದ್ದು ನಿಮಗೆ ಕಂಡಿತಲ್ಲ!" ಎಂದು ಗಂಗಾಂಬಿಕೆ ಕೈಮುಗಿದರು.

ಹೆಂಡತಿ ಕಿಸಕ್ಕನೆ ನಕ್ಕು ಸೋಫಾದಲ್ಲಿ ಕೂತಳು. "ಮೊದಲು ಇವರದ್ದು ಸರಿ ಮಾಡಿಕೊಡಿ. ಆಮೇಲೆ ನಮ್ಮ ಮಾತು."

ಮ್ಯಾನೇಜರ್ ಮೆಕ್ಯಾನಿಕ್‌ಗಳನ್ನೆಲ್ಲ ಕೂಗಿ ಕರೆದು ಇಡೀ ವೈರಿಂಗ್ ಹೊಸದಾಗಿ ಹಾಕಿಸಿದ. ಈಗ ಆ ಕಾರು ಎಲ್ಲೂ ನಿಲ್ಲುವುದಿಲ್ಲ. ನರ್ಸಮ್ಮ ಬಂದರೆ ಮ್ಯಾನೇಜರೇ ಎದ್ದು ನಿಲ್ಲುತ್ತಾನೆ.